ಒಬ್ಬ ಬೇಸ್ ವಾದಕ, ಹಲವು ಬ್ಯಾಂಡ್‌ಗಳು: ಮನಸ್ತಾಪವಿಲ್ಲದೆ ಆಯ್ದುಕೊಂಡ ಬಗೆ

ಬೇಸ್ ಗಿಟಾರ್ ನುಡಿಸುವವರಿಗೆ ಕರೆಗಳು ಬರುತ್ತಲೇ ಇರುತ್ತವೆ. ಗಿಟಾರ್ ಕೈಗೆತ್ತಿಕೊಳ್ಳುವವರು ಬಹಳ ಮಂದಿ. ದಪ್ಪ ತಂತಿಗಳ ವಾದ್ಯ ಹಿಡಿದು, ಡ್ರಮ್ಸ್ ಜೊತೆ ಲಯ ಕಟ್ಟುತ್ತಾ ಹಾಡಿನ ಭಾರವನ್ನು ಕೆಳಗಿನಿಂದ ಹೊರುವ ಕೆಲಸವೇ ಬೇಕೆನ್ನುವವರು ಕಡಿಮೆ. ಡ್ರಮ್ಸ್ ನುಡಿಸುವವರ ವಿಷಯವೂ ಹೀಗೆಯೇ. ಬ್ಯಾಂಡ್ ಕಟ್ಟಲು ಹೊರಟವರು ಮೊದಲು ಹುಡುಕುವುದು ಈ ಇಬ್ಬರನ್ನು, ಕೊನೆಗೆ ಸಿಗುವವರೂ ಈ ಇಬ್ಬರೇ. ಹಾಗಾಗಿ ಬೇಸ್ ವಾದಕರೊಬ್ಬರು ಎರಡು ಮೂರು ಬ್ಯಾಂಡ್‌ಗಳಲ್ಲಿ ಇರುವುದು ನಮ್ಮ ವಲಯದಲ್ಲಿ ಮಾಮೂಲು. ಅದರಿಂದ ಹುಟ್ಟುವ ಮುನಿಸು, ಮಾತು ಬಿಡುವುದು, ಅಭ್ಯಾಸದ ಕೋಣೆಯಲ್ಲಿ ತುಂಬಿಕೊಳ್ಳುವ ಬಿಗುವು ಕೂಡ ಅಷ್ಟೇ ಮಾಮೂಲು.

ಸ್ವಂತ ಹಾಡುಗಳನ್ನು ನುಡಿಸುವ ನಾಲ್ವರ ಬ್ಯಾಂಡೊಂದರಲ್ಲಿ ನಾನು ಕೆಲವು ವರ್ಷಗಳಿಂದ ಇದ್ದೇನೆ. ಇಲ್ಲಿ ಅದನ್ನು ಮೊದಲ ಬ್ಯಾಂಡ್ ಎಂದೇ ಕರೆಯುತ್ತೇನೆ. ಒಂದು ಹಂತದಲ್ಲಿ, ಸ್ವಲ್ಪವೇ ಕಾಲದ ಅಂತರದಲ್ಲಿ, ನನಗೆ ಇನ್ನೂ ಮೂರು ಕಡೆಯಿಂದ ಕೇಳಿಕೆ ಬಂತು. ಒಂದು, ಸಮಾರಂಭಗಳಲ್ಲಿ ಜನಪ್ರಿಯ ಹಾಡುಗಳನ್ನು ನುಡಿಸುವ ತಂಡ. ಸಂಭಾವನೆ ಚೆನ್ನಾಗಿತ್ತು, ಕೆಲಸವೂ ನಿಯಮಿತವಾಗಿತ್ತು. ಎರಡನೆಯದು ಪಿಯಾನೊ, ಬೇಸ್, ಡ್ರಮ್ಸ್ ಮಾತ್ರ ಇರುವ ಜಾಝ್ ತ್ರಯ. ಮೂರನೆಯದು ನಮ್ಮಂತೆಯೇ ಸ್ವಂತ ಹಾಡು ಕಟ್ಟುವ ಇನ್ನೊಂದು ಬ್ಯಾಂಡ್. ಅದರ ಗಾಯಕಿ ನನಗೆ ಹಳೆಯ ಸ್ನೇಹಿತೆ, ಅವಳ ಹಾಡುಗಳೆಂದರೆ ನನಗೆ ನಿಜಕ್ಕೂ ಇಷ್ಟ. ಮೂರಕ್ಕೂ ಹೌದೆನ್ನುವ ಆಸೆ ಇತ್ತು. ಯಾರ ಮನಸ್ಸನ್ನೂ ನೋಯಿಸದೆ ಆಯ್ದುಕೊಳ್ಳಬೇಕೆಂಬ ಹಟವೂ ಇತ್ತು. ಆಗ ನಾನು ಹೇಗೆ ತೀರ್ಮಾನಿಸಿದೆ, ಆಮೇಲೆ ಏನೇನಾಯಿತು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಈ ಗೊಂದಲದಲ್ಲಿ ಇರುವವರು ಸಾಮಾನ್ಯವಾಗಿ ಮೊದಲು ಕ್ಯಾಲೆಂಡರ್ ತೆರೆಯುತ್ತಾರೆ. ಯಾವ ದಿನ ಯಾರಿಗೆ, ಯಾವ ಸಂಜೆ ಎಲ್ಲಿ ಅಭ್ಯಾಸ ಎಂದು ಲೆಕ್ಕ ಹಾಕುತ್ತಾರೆ. ಸುತ್ತಲಿನ ಬ್ಯಾಂಡ್‌ಗಳು ಒಡೆಯುವುದನ್ನು ನೋಡಿದ್ದ ನನಗೆ ಅನ್ನಿಸಿದ್ದೇ ಬೇರೆ. ದಿನಾಂಕಗಳು ಡಿಕ್ಕಿ ಹೊಡೆಯುವುದು ಜಗಳದ ಕೊನೆಯ ಹಂತ. ಅದಕ್ಕೆ ಎಷ್ಟೋ ಮೊದಲೇ ಬಿರುಕು ಬಿಟ್ಟಿರುತ್ತದೆ: ಬ್ಯಾಂಡಿನವರು ನಿಮ್ಮನ್ನು ತಮ್ಮ ಸದಸ್ಯರೆಂದು ತಿಳಿದಿರುತ್ತಾರೆ, ನೀವು ನಿಮ್ಮನ್ನು ಬಂದು ನುಡಿಸಿ ಹೋಗುವ ವಾದಕರೆಂದು ತಿಳಿದಿರುತ್ತೀರಿ. ಇಬ್ಬರೂ ಅದನ್ನು ಬಾಯಿಬಿಟ್ಟು ಹೇಳಿರುವುದಿಲ್ಲ. ಆದ್ದರಿಂದ ದಿನಾಂಕ ನೋಡುವ ಮೊದಲು, ಪ್ರತಿ ಬ್ಯಾಂಡಿನಲ್ಲಿ ನನ್ನ ಸ್ಥಾನ ಯಾವುದು ಎಂಬುದನ್ನು ಗಟ್ಟಿ ಮಾಡಿಕೊಳ್ಳಬೇಕು ಎಂದು ನಿಶ್ಚಯಿಸಿದೆ.

ರಾಕ್ ಸಂಗೀತದ ಇತಿಹಾಸದಲ್ಲಿ ಇದಕ್ಕೆ ಒಳ್ಳೆಯ ಉದಾಹರಣೆ ರಾನ್ ವುಡ್. ಅವರು ಫೇಸಸ್ ಬ್ಯಾಂಡಿನ ಗಿಟಾರ್ ವಾದಕರಾಗಿದ್ದಾಗಲೇ, 1974ರ ಕೊನೆಯಲ್ಲಿ ಗಿಟಾರ್ ವಾದಕ ಮಿಕ್ ಟೇಲರ್ ರೋಲಿಂಗ್ ಸ್ಟೋನ್ಸ್ ಬ್ಯಾಂಡ್ ಬಿಟ್ಟರು. 1975ರ ಸ್ಟೋನ್ಸ್ ಅಮೆರಿಕ ಪ್ರವಾಸಕ್ಕೆ ವುಡ್ ಅತಿಥಿಯಾಗಿ ಹೋದರು, ಮುಗಿಸಿ ಮತ್ತೆ ಫೇಸಸ್ ಜೊತೆ ನುಡಿಸಿದರು. ದಿನಾಂಕಗಳ ಮಟ್ಟಿಗೆ ಎರಡೂ ಹೊಂದಿಕೊಂಡವು. ಆದರೂ ಅದೇ ವರ್ಷದ ಡಿಸೆಂಬರಿನಲ್ಲಿ ಫೇಸಸ್‌ನ ಗಾಯಕ ರಾಡ್ ಸ್ಟುವರ್ಟ್ ಹೊರನಡೆದು ಬ್ಯಾಂಡ್ ಮುಗಿಯಿತು. ಸ್ಟುವರ್ಟ್ ಅವರ ಸ್ವಂತ ಗಾಯನವೃತ್ತಿಯೂ ಅದಕ್ಕೆ ಕಾರಣವಾಗಿತ್ತು, ಎಲ್ಲವನ್ನೂ ವುಡ್ ತಲೆಗೆ ಕಟ್ಟುವಂತಿಲ್ಲ. ಆದರೆ ಬ್ಯಾಂಡಿನ ಇಬ್ಬರು ಪ್ರಮುಖರ ಒಂದು ಕಾಲು ಬೇರೆಡೆ ಇರುವಾಗ ಉಳಿದವರು ಯಾವುದನ್ನು ನಂಬಿಕೊಂಡು ಇರಬೇಕು? ಇದಕ್ಕೆ ವಿರುದ್ಧವಾದ ಉದಾಹರಣೆಯೂ ಅದೇ ಕಾಲದ್ದು. ಫಿಲ್ ಕಾಲಿನ್ಸ್ ಜೆನೆಸಿಸ್ ಬ್ಯಾಂಡಿನಲ್ಲಿ ಇದ್ದುಕೊಂಡೇ ಬ್ರ್ಯಾಂಡ್ ಎಕ್ಸ್ ಎಂಬ ಜಾಝ್ ಫ್ಯೂಷನ್ ತಂಡದಲ್ಲಿ ಡ್ರಮ್ಸ್ ನುಡಿಸಿದರು. ಜೆನೆಸಿಸ್ ಅದರಿಂದ ಒಡೆಯಲಿಲ್ಲ. ಎರಡರ ಸಂಗೀತ ಬೇರೆ, ಎರಡರಲ್ಲಿ ಅವರು ನಿಂತ ಜಾಗವೂ ಬೇರೆ. ಜ್ಯಾಕ್ ವೈಟ್ ಇನ್ನೂ ಮುಂದೆ ಹೋದವರು: ವೈಟ್ ಸ್ಟ್ರೈಪ್ಸ್‌ನಲ್ಲಿ ಗಿಟಾರ್ ಮತ್ತು ಗಾಯನ, 2009ರಲ್ಲಿ ಶುರುವಾದ ಡೆಡ್ ವೆದರ್‌ನಲ್ಲಿ ಮುಖ್ಯವಾಗಿ ಡ್ರಮ್ಸ್.

ನನ್ನನ್ನು ಕರೆದ ಮೂರು ತಂಡಗಳಲ್ಲಿ ಯಾವುದಕ್ಕೂ ಉತ್ತರ ಕೊಡುವ ಮೊದಲು ನಾನು ನನ್ನ ಮೊದಲ ಬ್ಯಾಂಡಿನವರ ಎದುರು ಕುಳಿತೆ. ಇದು ನನಗೆ ಬಹಳ ಮುಖ್ಯವಾಗಿತ್ತು. ಸಂಗೀತಗಾರರ ವಲಯ ಚಿಕ್ಕದು. ನೀವು ಇನ್ನೊಂದು ತಂಡದ ಜೊತೆ ಒಮ್ಮೆ ಸುಮ್ಮನೆ ನುಡಿಸಿ ನೋಡಿದರೂ ಸುದ್ದಿ ಹೊರಬೀಳುತ್ತದೆ. ಅದನ್ನು ಮೂರನೆಯವರ ಬಾಯಿಂದ ಕೇಳಿದವರಿಗೆ ಆಗುವ ನೋವನ್ನು ಆಮೇಲೆ ಯಾವ ಸಮಜಾಯಿಷಿಯೂ ತೆಗೆಯುವುದಿಲ್ಲ. ಅಭ್ಯಾಸ ಮುಗಿದ ಮೇಲೆ ವಾದ್ಯಗಳನ್ನು ಕಟ್ಟಿಡುವಾಗ ಹೇಳಿ ಮುಗಿಸುವ ವಿಷಯವಾಗಿ ಅದನ್ನು ಮಾಡಬಾರದೆಂದು, ಇದಕ್ಕೆಂದೇ ಒಂದು ಸಂಜೆ ಕೇಳಿಕೊಂಡೆ.

ವಿಷಯ ಹೇಳಿದ ಕೂಡಲೇ ಗಿಟಾರ್ ನುಡಿಸುವ ಗೆಳೆಯ ಕೇಳಿದ, "ನಮ್ಮ ಹಾಡುಗಳು ನಿನಗೆ ಸಾಕಾಗುತ್ತಿಲ್ಲವೇ?"

ನಾನು ಅದಕ್ಕೆ ಸುತ್ತಿ ಬಳಸಿ ಉತ್ತರಿಸಲಿಲ್ಲ. "ನಮ್ಮ ಹಾಡುಗಳಲ್ಲಿ ನಾನು ಕಲಿಯಬೇಕಾದದ್ದು ಇನ್ನೂ ಇದೆ. ಆದರೆ ಸ್ವರ ನೋಡಿದ ಕೂಡಲೇ ನುಡಿಸುವುದನ್ನು, ಸಿದ್ಧಪಡಿಸಿಕೊಳ್ಳದೆ ಮನೋಧರ್ಮದಿಂದ ನುಡಿಸುವುದನ್ನು ನಾನು ಇಲ್ಲಿ ಕಲಿಯಲಾರೆ. ಬಾಡಿಗೆಗೆ ದುಡ್ಡೂ ಬೇಕು" ಎಂದೆ.

ಡ್ರಮ್ಸ್ ನುಡಿಸುವವರು ನಮ್ಮೆಲ್ಲರಿಗಿಂತ ಹಿರಿಯರು, ಮಾತು ಕಡಿಮೆ. ಅವರು ತುಂಬ ಹೊತ್ತು ಸುಮ್ಮನಿದ್ದು, "ನೀನು ಬೇರೆ ಕಡೆ ನುಡಿಸಿದರೆ ನನಗೇನೂ ಇಲ್ಲ. ನಮ್ಮ ಕಾರ್ಯಕ್ರಮ ಗೊತ್ತಾದ ಮೇಲೆ ನೀನು ಇರುತ್ತೀಯೋ ಇಲ್ಲವೋ ಎಂದು ನಾನು ಯೋಚಿಸುತ್ತಾ ಕೂರುವಂತೆ ಆಗಬಾರದು" ಎಂದರು. ಗಾಯಕನ ಚಿಂತೆ ಬೇರೆ. ಅಭ್ಯಾಸದ ಕೋಣೆಯಲ್ಲಿ ಹುಟ್ಟುವ ಹೊಸ ತುಣುಕುಗಳು, ಇನ್ನೂ ಹಾಡಾಗದ ರಾಗದ ಎಳೆಗಳು, ನನ್ನ ಜೊತೆ ಇನ್ನೊಂದು ಬ್ಯಾಂಡಿಗೆ ಹೋಗಿಬಿಟ್ಟರೆ?

ಆ ಮಾತುಕತೆಯಿಂದ ನನಗೆ ಸಿಕ್ಕಿದ್ದು ದೊಡ್ಡದು. ನಾನು ಹೊರಗೆ ನುಡಿಸುವುದಕ್ಕೆ ಅವರ ಒಟ್ಟಾರೆ ವಿರೋಧವಿರಲಿಲ್ಲ. ಒಬ್ಬೊಬ್ಬರಿಗೆ ಒಂದೊಂದು ನಿರ್ದಿಷ್ಟ ಭಯವಿತ್ತು. ಭಯ ಯಾವುದೆಂದು ಗೊತ್ತಾದರೆ ಅದಕ್ಕೆ ಸರಿಯಾದ ಮಾತು ಕೊಡಬಹುದು. ವಾರದ ಅಭ್ಯಾಸದ ಸಂಜೆ ನಮ್ಮದೇ, ಅದನ್ನು ಯಾರಿಗೂ ಕೊಡುವುದಿಲ್ಲ. ಗೊತ್ತಾದ ಕಾರ್ಯಕ್ರಮವನ್ನು ಯಾವ ಕಾರಣಕ್ಕೂ ಬಿಡುವುದಿಲ್ಲ. ನಮ್ಮ ಬಗೆಯದೇ ಸಂಗೀತ ಕಟ್ಟುವ ಇನ್ನೊಂದು ಬ್ಯಾಂಡಿಗೆ ಸದಸ್ಯನಾಗಿ ಸೇರುವ ಮೊದಲು ಇವರನ್ನು ಕೇಳುತ್ತೇನೆ. ಇಷ್ಟನ್ನು ನಾಲ್ವರಿಗೂ ಹೋಗುವಂತೆ ಬರೆದು ಕಳುಹಿಸಿದೆ. ಬರೆದದ್ದು ಸಹಿ ಹಾಕಿಸಿಕೊಳ್ಳುವುದಕ್ಕಲ್ಲ, ಆರು ತಿಂಗಳ ನಂತರ ಒಬ್ಬೊಬ್ಬರ ನೆನಪು ಒಂದೊಂದು ದಿಕ್ಕಿಗೆ ಹೋಗದಿರಲಿ ಎಂದು.

ಆಮೇಲೆ ಮೂರು ಕೇಳಿಕೆಗಳ ಕಡೆ ತಿರುಗಿದೆ. ಪ್ರತಿ ತಂಡಕ್ಕೂ ನಾನು ಕೇಳಿದ ಮೊದಲ ಪ್ರಶ್ನೆ ಒಂದೇ: "ನಾನು ಬರಲಾಗದ ದಿನ ನೀವೇನು ಮಾಡುತ್ತೀರಿ?" ಸಂಭಾವನೆ ಎಷ್ಟು, ಎಷ್ಟು ಹಾಡು ಕಲಿಯಬೇಕು ಎಂಬುದೆಲ್ಲ ಆಮೇಲೆ ಬಂತು. ಈ ಒಂದು ಪ್ರಶ್ನೆಗೆ ಬರುವ ಉತ್ತರದಲ್ಲೇ, ಅವರು ನಿಮ್ಮನ್ನು ಯಾವ ಜಾಗದಲ್ಲಿ ಕೂರಿಸಿದ್ದಾರೆ ಎಂಬುದು ಪೂರ್ತಿ ಗೊತ್ತಾಗುತ್ತದೆ.

ಜಾಝ್ ತ್ರಯದ ಪಿಯಾನೊ ವಾದಕಿಗೆ ಪ್ರಶ್ನೆಯೇ ವಿಚಿತ್ರವೆನಿಸಿತು. "ಬೇರೆಯವರನ್ನು ಕರೆಯುತ್ತೇನೆ, ಅಷ್ಟೇ" ಎಂದರು. ಜಾಝ್‌ನಲ್ಲಿ ಎಲ್ಲರಿಗೂ ಗೊತ್ತಿರುವ ಹಾಡುಗಳ ಒಂದು ದೊಡ್ಡ ಸಂಗ್ರಹವಿದೆ. ಒಂದು ಹಾಳೆಯಲ್ಲಿ ರಾಗದ ಸಾಲು, ಅದರ ಮೇಲೆ ಕಾರ್ಡ್‌ಗಳ (ಒಟ್ಟಿಗೆ ನುಡಿಯುವ ಸ್ವರಗುಚ್ಛಗಳ) ಹೆಸರು, ಇಷ್ಟಿದ್ದರೆ ಮೊದಲ ಸಲ ಭೇಟಿಯಾದ ಮೂವರೂ ಒಂದು ಸಂಜೆ ನುಡಿಸಬಲ್ಲರು. ವಾದಕರು ಬದಲಾಗುವುದು ಅಲ್ಲಿ ಸಹಜ. ಅದನ್ನು ಯಾರೂ ದ್ರೋಹವೆಂದು ನೋಡುವುದಿಲ್ಲ.

ಸಮಾರಂಭಗಳ ತಂಡದವರು ಇನ್ನೂ ಅಚ್ಚುಕಟ್ಟು. ಪ್ರತಿ ವಾದ್ಯಕ್ಕೂ ಅವರಲ್ಲಿ ಬದಲಿ ವಾದಕರ ಪಟ್ಟಿ ಇತ್ತು. ದಿನಾಂಕ ಬಂದಾಗ ಪಟ್ಟಿಯ ಮೊದಲಿನವರನ್ನು ಕೇಳುತ್ತಾರೆ, ಅವರು ಒಪ್ಪದಿದ್ದರೆ ಎರಡನೆಯವರನ್ನು. ಒಪ್ಪಿದ ಮೇಲೆ ಬಿಡುವುದಾದರೆ ಬದಲಿಯನ್ನು ಹುಡುಕಿಕೊಡುವ ಹೊಣೆ ಬಿಟ್ಟವರದ್ದು. ಇಂಥ ಸ್ಪಷ್ಟ ನಿಯಮವಿರುವ ತಂಡದಲ್ಲಿ ನುಡಿಸುವುದು ಎಷ್ಟು ನೆಮ್ಮದಿ ಎಂಬುದು ಅನುಭವಿಸಿದವರಿಗೇ ಗೊತ್ತು. ಈ ಎರಡಕ್ಕೂ ಹೌದೆಂದೆ. ಜಾಝ್ ತ್ರಯಕ್ಕೆ ಸಾಧ್ಯವಾದಾಗಲೆಲ್ಲ ಬರುವ ವಾದಕನಾಗಿ, ಸಮಾರಂಭಗಳ ತಂಡಕ್ಕೆ ಪಟ್ಟಿಯ ಎರಡನೆಯ ಹೆಸರಾಗಿ. ಮೊದಲ ಹೆಸರಾಗಿ ಇರು ಎಂದು ಅವರು ಕೇಳಿದರು. ಮೊದಲ ಹೆಸರಾದರೆ ಶನಿವಾರಗಳೆಲ್ಲ ಅವರದೇ ಆಗುತ್ತವೆ, ಡ್ರಮ್ಸ್ ನುಡಿಸುವ ಹಿರಿಯರಿಗೆ ಕೊಟ್ಟ ಮಾತು ಉಳಿಯುವುದಿಲ್ಲ. ದುಡ್ಡು ಕಡಿಮೆಯಾದರೂ ಎರಡನೆಯ ಜಾಗವೇ ಸಾಕೆಂದೆ.

ಇನ್ನು ನನ್ನ ಸ್ನೇಹಿತೆಯ ಬ್ಯಾಂಡ್. ಅವಳು ಕೊಟ್ಟ ಉತ್ತರ ಈಗಲೂ ಕಿವಿಯಲ್ಲಿದೆ: "ನೀನು ಬರಲಾಗದ ದಿನ ನಾವು ನುಡಿಸುವುದೇ ಇಲ್ಲ." ಎಷ್ಟು ಪ್ರೀತಿಯ ಮಾತು! ಎಷ್ಟು ಭಾರದ ಮಾತು ಕೂಡ. ಅವಳಿಗೆ ಬೇಕಾಗಿದ್ದುದು ಪೂರ್ಣ ಸದಸ್ಯ: ಹಾಡು ಕಟ್ಟುವಾಗ ಜೊತೆಗಿರುವವರು, ಧ್ವನಿಮುದ್ರಣಕ್ಕೆ ವಾರಗಟ್ಟಲೆ ಕೊಡುವವರು, ಬ್ಯಾಂಡಿನ ಚಿತ್ರದಲ್ಲಿ ಮುಖ ತೋರಿಸುವವರು. ಅದನ್ನೆಲ್ಲ ಒಂದೇ ಬಗೆಯ ಎರಡು ಬ್ಯಾಂಡ್‌ಗಳಿಗೆ ಒಬ್ಬರು ಕೊಡಲಾರರು. ಎರಡೂ ಒಂದೇ ವೇದಿಕೆಗಳಿಗೆ ಅರ್ಜಿ ಹಾಕುತ್ತವೆ, ಒಂದೇ ಕೇಳುಗರನ್ನು ಕರೆಯುತ್ತವೆ. ಒಂದಕ್ಕೆ ಸಿಕ್ಕಿ ಇನ್ನೊಂದಕ್ಕೆ ಸಿಗದ ದಿನ ನಾನು ಯಾರ ಪಕ್ಕದಲ್ಲಿ ನಿಂತು ಬೇಸರಪಡಬೇಕು?

ಬೇಡವೆನ್ನುವುದು ಹೇಗೆ ಎಂಬುದರ ಬಗ್ಗೆ ತುಂಬ ಯೋಚಿಸಿದೆ. "ಸಮಯವಿಲ್ಲ" ಎನ್ನುವುದು ಎಲ್ಲಕ್ಕಿಂತ ಸುಲಭ, ಯಾರಿಗೂ ನೋವಾಗುವುದಿಲ್ಲ ಎಂದು ಮೇಲುನೋಟಕ್ಕೆ ಅನ್ನಿಸುತ್ತದೆ. ಆದರೆ ಸಮಯದ ನೆಪ ಹೇಳಿದರೆ ಎದುರಿನವರು ಸಮಯ ಹೊಂದಿಸಿಕೊಂಡು ಮತ್ತೆ ಬರುತ್ತಾರೆ. ಅಭ್ಯಾಸವನ್ನು ಬೇರೆ ದಿನಕ್ಕೆ ಇಡೋಣ, ತಡವಾಗಿ ಶುರು ಮಾಡೋಣ, ಎರಡು ವಾರಕ್ಕೊಮ್ಮೆ ಸೇರೋಣ ಎನ್ನುತ್ತಾರೆ. ಅವರು ಒಂದೊಂದಾಗಿ ಬಿಟ್ಟುಕೊಡುತ್ತಾ ಬಂದಂತೆ ನಿಮ್ಮ ನಿರಾಕರಣೆ ಹೆಚ್ಚು ಹೆಚ್ಚು ಕ್ರೂರವಾಗುತ್ತದೆ. ಕೊನೆಗೆ ದಾಕ್ಷಿಣ್ಯಕ್ಕೆ ಬಿದ್ದು ಒಪ್ಪಿಕೊಂಡರೆ ಅಲ್ಲಿಂದ ಶುರು ನಿಜವಾದ ಜಗಳ. ಹಾಗಾಗಿ ನಿಜವಾದ ಕಾರಣವನ್ನೇ ಹೇಳಲು ಅವಳ ಮನೆಗೆ ಹೋದೆ. ಫೋನಿನಲ್ಲಿ ಹೇಳುವ ವಿಷಯವಲ್ಲ ಅದು.

"ನಿನ್ನ ಹಾಡುಗಳಿಗೆ ಪೂರ್ತಿ ಮನಸ್ಸು ಕೊಡುವ ಬೇಸ್ ವಾದಕರು ಬೇಕು. ನನ್ನ ಅರ್ಧ ಮನಸ್ಸು ಈಗಾಗಲೇ ಇಂಥದ್ದೇ ಇನ್ನೊಂದು ಬ್ಯಾಂಡಿನಲ್ಲಿದೆ. ಉಳಿದರ್ಧವನ್ನು ನಿನಗೆ ಕೊಟ್ಟರೆ ಇಬ್ಬರಿಗೂ ಮೋಸ. ಧ್ವನಿಮುದ್ರಣಕ್ಕೆ ಯಾವುದಾದರೂ ಹಾಡಿಗೆ ಬೇಸ್ ಬೇಕಾದರೆ ಬಂದು ನುಡಿಸುತ್ತೇನೆ, ವಾದಕರು ಸಿಗುವವರೆಗೆ ಹುಡುಕಲು ಸಹಾಯ ಮಾಡುತ್ತೇನೆ. ಸದಸ್ಯನಾಗುವುದಿಲ್ಲ" ಎಂದೆ. ಅವಳಿಗೆ ಬೇಸರವಾಯಿತು, ಅದನ್ನು ಮುಚ್ಚಿಡಲೂ ಇಲ್ಲ. ಕೆಲವು ವಾರ ಮಾತು ಕಡಿಮೆಯಾಯಿತು. ನಾನು ಹೇಳಿದಂತೆ ಇಬ್ಬರನ್ನು ಪರಿಚಯಿಸಿದೆ. ಅವರಲ್ಲಿ ಒಬ್ಬ ಹುಡುಗಿ ಆ ಬ್ಯಾಂಡಿಗೆ ಎಷ್ಟು ಹೊಂದಿಕೊಂಡಳೆಂದರೆ ಈಗ ಅವರ ಹಾಡುಗಳ ಬೇಸ್ ಕೇಳಿದಾಗ ನಾನು ಇದನ್ನು ಹೀಗೆ ನುಡಿಸುತ್ತಿರಲಿಲ್ಲ, ಇಷ್ಟು ಚೆನ್ನಾಗಿಯಂತೂ ಅಲ್ಲ ಎನ್ನಿಸುತ್ತದೆ. ಆ ಮಾತನ್ನು ಸ್ನೇಹಿತೆಗೂ ಹೇಳಿದ್ದೇನೆ.

ಈಗ ದಿನಾಂಕಗಳ ವಿಷಯ. ನಾನು ಇಟ್ಟುಕೊಂಡ ಕಟ್ಟಳೆ ಒಂದೇ: ಮೊದಲು ಖಚಿತವಾದದ್ದು ಮೊದಲು. ದೊಡ್ಡ ವೇದಿಕೆ, ಹೆಚ್ಚು ಸಂಭಾವನೆ, ಹೆಸರಿರುವ ಗಾಯಕರು, ಇವು ಯಾವುವೂ ಈ ಸಾಲನ್ನು ಮುರಿಯುವುದಿಲ್ಲ. ಹೇಳುವುದಕ್ಕೆ ಸರಳವಾದರೂ ಖಚಿತ ಎಂದರೇನು ಎಂಬುದರಲ್ಲೇ ತಕರಾರು. ಆಯೋಜಕರ ಲೋಕದಲ್ಲಿ ದಿನವನ್ನು ತಾತ್ಕಾಲಿಕವಾಗಿ ಹಿಡಿದಿಡುವ ಪದ್ಧತಿ ಇದೆ. ಒಂದು ಸಭಾಂಗಣದ ಒಂದೇ ರಾತ್ರಿಗೆ ಮೊದಲ ಹಿಡಿತ ಒಬ್ಬರದ್ದು, ಎರಡನೆಯ ಹಿಡಿತ ಇನ್ನೊಬ್ಬರದ್ದು ಇರುತ್ತದೆ. ಎರಡನೆಯವರು ನಾವು ಸಿದ್ಧ ಎಂದು ಸವಾಲು ಹಾಕಿದರೆ ಮೊದಲನೆಯವರು ಒಂದೆರಡು ದಿನದೊಳಗೆ ಖಚಿತಪಡಿಸಬೇಕು, ಇಲ್ಲವೇ ಬಿಟ್ಟುಕೊಡಬೇಕು. ಅದನ್ನೇ ನಾನು ಬ್ಯಾಂಡ್‌ಗಳಿಗೆ ಅಳವಡಿಸಿದೆ. "ಬಹುಶಃ ಆ ಶನಿವಾರ ಕಾರ್ಯಕ್ರಮ ಇರಬಹುದು" ಎಂದರೆ ಆ ದಿನವನ್ನು ಪೆನ್ಸಿಲಿನಲ್ಲಿ ಬರೆದುಕೊಳ್ಳುತ್ತೇನೆ. ಬೇರೆಯವರು ಅದೇ ದಿನಕ್ಕೆ ಖಚಿತ ಕರೆ ತಂದರೆ ಮೊದಲಿನವರಿಗೆ ಫೋನ್ ಮಾಡಿ, ಎರಡು ದಿನದಲ್ಲಿ ತೀರ್ಮಾನ ತಿಳಿಸಿ ಎನ್ನುತ್ತೇನೆ. ಯಾರ ಕರೆ, ಎಷ್ಟು ದುಡ್ಡು ಎಂಬುದನ್ನು ಹೇಳುವುದಿಲ್ಲ. ಹೇಳಿದರೆ ಅದು ಹರಾಜಾಗುತ್ತದೆ.

ಕ್ಯಾಲೆಂಡರನ್ನು ಮೂರೂ ತಂಡಗಳ ಜೊತೆ ಹಂಚಿಕೊಂಡಿದ್ದೇನೆ. ಬಿಡುವು ಇದೆಯೋ ಇಲ್ಲವೋ ಎಂಬುದಷ್ಟೇ ಕಾಣುವಂತೆ, ವಿವರ ಕಾಣದಂತೆ. ಫೋನಿನ ಕ್ಯಾಲೆಂಡರ್‌ಗಳಲ್ಲಿ ಈ ಸೌಲಭ್ಯ ಸಾಮಾನ್ಯವಾಗಿ ಇರುತ್ತದೆ. ವಿವರ ಕಂಡರೆ ಯಾರ ಜೊತೆ ಎಷ್ಟು ದಿನ ಎಂದು ಎಣಿಸುವವರು ಹುಟ್ಟಿಕೊಳ್ಳುತ್ತಾರೆ.

ಈ ಕಟ್ಟಳೆಗೆ ನಿಜವಾದ ಪರೀಕ್ಷೆ ಬಂದದ್ದು ಜಾಝ್ ತ್ರಯದ ಒಂದು ಪುಟ್ಟ ಕಛೇರಿಯ ದಿನ. ಮೂವತ್ತು ಕುರ್ಚಿಗಳ ಕೋಣೆ, ನೆಪಮಾತ್ರದ ಸಂಭಾವನೆ. ಅದೇ ದಿನಕ್ಕೆ ಸಮಾರಂಭಗಳ ತಂಡದಿಂದ ಆ ವರ್ಷದ ಅತಿ ದೊಡ್ಡ ಕೆಲಸದ ಕರೆ. ಅವರ ಮೊದಲ ಬೇಸ್ ವಾದಕರಿಗೆ ಹುಷಾರಿರಲಿಲ್ಲ. ಪಿಯಾನೊ ವಾದಕಿಯನ್ನು ಕೇಳಿದ್ದರೆ ಅವರು ಖಂಡಿತ ಬಿಟ್ಟುಕೊಡುತ್ತಿದ್ದರು. ಅದಕ್ಕಾಗಿಯೇ ಕೇಳಲಿಲ್ಲ. ಸುಲಭವಾಗಿ ಬಿಟ್ಟುಕೊಡುವವರನ್ನೇ ಪದೇ ಪದೇ ಕೇಳುತ್ತಾ ಹೋದರೆ ಮುಂದೊಂದು ದಿನ ಅವರು ಏನೂ ಹೇಳದೆ ನಿಮ್ಮನ್ನು ಕರೆಯುವುದನ್ನು ನಿಲ್ಲಿಸುತ್ತಾರೆ. ಸಮಾರಂಭಗಳ ತಂಡಕ್ಕೆ, "ಆ ದಿನ ಮಾತು ಕೊಟ್ಟಾಗಿದೆ, ಆದರೆ ನಿಮಗೆ ಒಬ್ಬರನ್ನು ಸಿದ್ಧ ಮಾಡಿ ಕಳುಹಿಸುತ್ತೇನೆ" ಎಂದೆ.

ಸಿದ್ಧ ಮಾಡುವುದು ಎಂದರೆ ಒಂದು ಫೋನ್ ನಂಬರ್ ಕೊಟ್ಟು ಕೈತೊಳೆದುಕೊಳ್ಳುವುದಲ್ಲ. ಹಾಡುಗಳ ಪಟ್ಟಿ, ಪ್ರತಿ ಹಾಡಿನ ಶ್ರುತಿ ಮತ್ತು ವೇಗ, ಎಲ್ಲಿ ಎಲ್ಲರೂ ನಿಲ್ಲುತ್ತಾರೆ, ಎಲ್ಲಿ ಗಾಯಕ ಕೈ ಎತ್ತಿದರೆ ಇನ್ನೊಂದು ಸುತ್ತು ಪಲ್ಲವಿ, ಯಾವ ಹಾಡು ಧ್ವನಿಮುದ್ರಣದಲ್ಲಿ ಇರುವಂತೆ ಮುಗಿಯುವುದಿಲ್ಲ, ಇಷ್ಟನ್ನೂ ಬರೆದುಕೊಟ್ಟೆ. ಕಾರ್ಡ್‌ಗಳನ್ನು ಅಕ್ಷರಗಳಲ್ಲಿ ಬರೆಯದೆ ಸಂಖ್ಯೆಗಳಲ್ಲಿ ಬರೆದೆ. ಇದು ಅಮೆರಿಕದ ನ್ಯಾಶ್‌ವಿಲ್ ನಗರದ ಸಂಗೀತಗಾರರ ಪದ್ಧತಿ. 1950ರ ದಶಕದ ಕೊನೆಯಲ್ಲಿ ಜೋರ್ಡನೇರ್ಸ್ ಗಾಯನ ತಂಡದ ನೀಲ್ ಮ್ಯಾಥ್ಯೂಸ್ ರೂಪಿಸಿದ್ದು, ಅಲ್ಲಿ ಧ್ವನಿಮುದ್ರಣಗಳಿಗೆ ಸಂಭಾವನೆ ಪಡೆದು ನುಡಿಸುವ ಸೆಷನ್ ವಾದಕರ ನಡುವೆ ಬೆಳೆದದ್ದು. ಷಡ್ಜ ಎಲ್ಲಿಗೆ ಸರಿದರೂ ಸ, ಮ, ಪ ಗಳ ಸಂಬಂಧ ಬದಲಾಗದ ಹಾಗೆ, ಒಂದು, ನಾಲ್ಕು, ಐದು ಎಂದು ಬರೆದಿಟ್ಟರೆ ಗಾಯಕಿ ಕೊನೆಯ ಗಳಿಗೆಯಲ್ಲಿ ಶ್ರುತಿ ಇಳಿಸಿ ಎಂದರೂ ಹಾಳೆ ಬದಲಾಯಿಸಬೇಕಿಲ್ಲ. ಬದಲಿಯಾಗಿ ಹೋದವರಿಗೆ ಪೂರ್ತಿ ಸಂಭಾವನೆ ಹೋಗಬೇಕೆಂದು ಮೊದಲೇ ತಂಡದವರ ಬಳಿ ಮಾತಾಡಿದ್ದೆ. ಪರಿಚಯಿಸಿದ್ದಕ್ಕೆ ಪಾಲು ಇಟ್ಟುಕೊಳ್ಳುವವರು ಇದ್ದಾರೆ. ನನಗೆ ಅದು ಸರಿಬರುವುದಿಲ್ಲ.

ಕೆಲವರು ಎಚ್ಚರಿಸಿದರು: ಒಳ್ಳೆಯ ಬದಲಿಯನ್ನು ಕಳುಹಿಸಿದರೆ ಅವರೇ ನಿನ್ನ ಜಾಗಕ್ಕೆ ಬರುತ್ತಾರೆ. ಬರಬಹುದು. ಆದರೆ ಬೇಕೆಂದೇ ಕಡಿಮೆ ಕುಶಲರನ್ನು ಕಳುಹಿಸಿ ನನ್ನ ಬೆಲೆ ತೋರಿಸಿಕೊಂಡರೆ, ಆ ಸಂಜೆ ವೇದಿಕೆಯ ಮೇಲೆ ಒದ್ದಾಡುವವರು ನನ್ನನ್ನು ನಂಬಿದ ಜನ.

ದಿನಾಂಕಗಳ ಘರ್ಷಣೆಯ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಕೈಬೆರಳುಗಳ ಘರ್ಷಣೆಯ ಬಗ್ಗೆ ಯಾರೂ ಹೇಳುವುದಿಲ್ಲ. ನಮ್ಮ ಮೊದಲ ಬ್ಯಾಂಡ್ ಎಲ್ಲ ತಂತಿಗಳನ್ನೂ ಅರ್ಧ ಸ್ವರ ಇಳಿಸಿ ನುಡಿಸುತ್ತದೆ, ಗಾಯಕನ ಕಂಠಕ್ಕೆ ಅದು ಹಿತ. ಸಾಧಾರಣ ಶ್ರುತಿಯಲ್ಲಿ ನಾಲ್ಕು ತಂತಿಯ ಬೇಸ್‌ನ ಅತಿ ಕೆಳಗಿನ ತಂತಿ ಸುಮಾರು 41 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಕಂಪನ), ಅರ್ಧ ಸ್ವರ ಇಳಿಸಿದರೆ ಸುಮಾರು 39. ಸಂಖ್ಯೆಯಲ್ಲಿ ಅಲ್ಪ ವ್ಯತ್ಯಾಸ, ಆದರೆ ತಂತಿಯ ಬಿಗಿ ಸಡಿಲವಾಗಿ ಕೈಗೆ ತಗಲುವ ಪ್ರತಿರೋಧವೇ ಬೇರೆಯಾಗುತ್ತದೆ. ಸಮಾರಂಭಗಳ ತಂಡ ಸಾಧಾರಣ ಶ್ರುತಿಯಲ್ಲೇ ಇದೆ. ಒಂದೇ ವಾದ್ಯವನ್ನು ದಿನಕ್ಕೊಂದು ಶ್ರುತಿಗೆ ಏರಿಸಿ ಇಳಿಸುತ್ತಿದ್ದರೆ ತಂತಿಗಳು ನೆಲೆಗೊಳ್ಳುವುದೇ ಇಲ್ಲ. ಹಾಗಾಗಿ ಎರಡು ವಾದ್ಯ ಇಟ್ಟುಕೊಂಡೆ, ಒಂದು ಇಳಿಸಿದ ಶ್ರುತಿಗೆ ಮೀಸಲು. ಕೈಗೆ ವಾದ್ಯ ಬಂದ ಕೂಡಲೇ ಮನಸ್ಸು ಆ ಬ್ಯಾಂಡಿನೊಳಗೆ ಹೋಗುತ್ತದೆ ಎಂಬುದು ನಾನು ನಿರೀಕ್ಷಿಸದ ಲಾಭ. ಜನಪ್ರಿಯ ಹಾಡುಗಳನ್ನು ನುಡಿಸುವ ಎರಡನೆಯ ತಂಡವೊಂದು ನಂತರ ಕರೆದಾಗ ಒಪ್ಪದಿರಲು ಮುಖ್ಯ ಕಾರಣವೂ ಇದೇ. ಅವರ ಪಟ್ಟಿಯಲ್ಲಿ ಅರ್ಧಕ್ಕರ್ಧ ಅದೇ ಹಾಡುಗಳು, ಬೇರೆ ಶ್ರುತಿ, ಬೇರೆ ನಿಲುಗಡೆ. ಒಂದೇ ಹಾಡಿನ ಎರಡು ರೂಪಗಳು ಬೆರಳಿನಲ್ಲಿ ಜಗಳವಾಡಿದರೆ ಅದು ವೇದಿಕೆಯ ಮೇಲೆ ಎಲ್ಲರಿಗೂ ಕೇಳಿಸುತ್ತದೆ.

ಕಿವಿಯ ಮಾತನ್ನೂ ಇಲ್ಲೇ ಹೇಳಬೇಕು. ಬ್ಯಾಂಡ್‌ಗಳನ್ನು ಆಯ್ದುಕೊಳ್ಳುವಾಗ ಸಂಜೆಗಳನ್ನು ಎಣಿಸುತ್ತೇವೆ, ಶಬ್ದವನ್ನು ಎಣಿಸುವುದಿಲ್ಲ. ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಸ್ಥೆಯ ಶಿಫಾರಸಿನಂತೆ ದಿನಕ್ಕೆ 85 ಡೆಸಿಬೆಲ್ ಶಬ್ದದಲ್ಲಿ 8 ಗಂಟೆ ಇರಬಹುದು. ಪ್ರತಿ 3 ಡೆಸಿಬೆಲ್ ಏರಿದಾಗ ಆ ಅವಧಿ ಅರ್ಧವಾಗುತ್ತದೆ: 94ಕ್ಕೆ ಒಂದು ಗಂಟೆ, 100ಕ್ಕೆ 15 ನಿಮಿಷ. ಡ್ರಮ್ಸ್ ಇರುವ ಚಿಕ್ಕ ಕೋಣೆಯಲ್ಲಿ 100 ತಲುಪುವುದು ಕಷ್ಟವೇನಲ್ಲ. ಒಂದೇ ದಿನ ಮಧ್ಯಾಹ್ನ ಒಬ್ಬರ ಜೊತೆ ಅಭ್ಯಾಸ, ರಾತ್ರಿ ಇನ್ನೊಬ್ಬರ ಜೊತೆ ಕಾರ್ಯಕ್ರಮ ಇಟ್ಟುಕೊಂಡರೆ ಎರಡೂ ಒಂದೇ ಕಿವಿಯ ಲೆಕ್ಕಕ್ಕೆ ಬೀಳುತ್ತವೆ. ಸಂಗೀತಗಾರರಿಗೆಂದೇ ಮಾಡಿದ ಕಿವಿರಕ್ಷಕ ಹಾಕುತ್ತೇನೆ, ಒಂದೇ ದಿನ ಎರಡು ಜೋರಾದ ಕೂಟಗಳನ್ನು ಒಪ್ಪುವುದಿಲ್ಲ. ಕಾರಣ ಹೇಳಿದಾಗ ಯಾವ ತಂಡವೂ ಇದಕ್ಕೆ ಬೇಸರ ಮಾಡಿಕೊಂಡಿಲ್ಲ. ಒಂದು ಕಡೆಯಂತೂ ಎಲ್ಲರೂ ಕಿವಿರಕ್ಷಕ ತರಿಸಿಕೊಂಡರು.

ಗಾಯಕನ ಚಿಂತೆಯ ಬಗ್ಗೆ ಹೇಳಿದ್ದೆನಲ್ಲ, ಹುಟ್ಟುತ್ತಿರುವ ಹಾಡುಗಳು ಬೇರೆಡೆ ಹೋಗುವುದು. ಅದು ಬರಿಯ ಅನುಮಾನವಲ್ಲ. ಹಾಡಿನಲ್ಲಿ ಎರಡು ಬೇರೆ ಹಕ್ಕುಗಳಿವೆ: ಸಾಹಿತ್ಯ ಮತ್ತು ರಾಗ ಸೇರಿದ ರಚನೆಯದ್ದು ಒಂದು, ಧ್ವನಿಮುದ್ರಣದ್ದು ಇನ್ನೊಂದು. ಬೇಸ್ ನುಡಿಸಿದವರಿಗೆ ರಚನೆಯಲ್ಲಿ ತಾನಾಗಿಯೇ ಪಾಲು ಬರುವುದಿಲ್ಲ, ಅದು ಒಪ್ಪಂದದ ಮಾತು. ಆದ್ದರಿಂದ ಎರಡು ಕೆಲಸ ಮಾಡಿದೆವು. ಅಭ್ಯಾಸದಲ್ಲಿ ಮೂಡಿದ ಪ್ರತಿ ತುಣುಕನ್ನೂ ಆ ದಿನವೇ ಮೊಬೈಲಿನಲ್ಲಿ ಮುದ್ರಿಸಿ ದಿನಾಂಕ ಹಾಕಿ ಎಲ್ಲರೂ ನೋಡಬಹುದಾದ ಜಾಗದಲ್ಲಿ ಇಟ್ಟೆವು. ಹಾಡು ಪೂರ್ತಿಯಾದ ವಾರವೇ ಯಾರದು ಎಷ್ಟು ಪಾಲು ಎಂದು ಒಂದು ಹಾಳೆಯಲ್ಲಿ ಬರೆದು ನಾಲ್ವರೂ ಸಹಿ ಮಾಡಿದೆವು. ಹಾಡಿಗೆ ಹೆಸರು ಬರುವ ಮೊದಲು ಈ ಹಾಳೆ ಬರೆಯುವುದು ಐದು ನಿಮಿಷದ ಕೆಲಸ. ಆಮೇಲೆ ಬರೆಯಲು ಹೋದರೆ ವಕೀಲರು ಬೇಕಾಗುತ್ತಾರೆ. ನಾನು ಮನೆಯಲ್ಲಿ ಒಬ್ಬನೇ ಇದ್ದಾಗ ಕಟ್ಟಿದ ತುಣುಕನ್ನು ಯಾವ ಬ್ಯಾಂಡಿಗೆ ಕೊಡಬೇಕು ಎಂಬುದು ಮಾತ್ರ ನನ್ನದೇ ತೀರ್ಮಾನವಾಗಿ ಉಳಿದಿದೆ. ಸಾಮಾನ್ಯವಾಗಿ ಮೊದಲ ಬ್ಯಾಂಡಿಗೇ ಕೊಡುತ್ತೇನೆ, ಸದಸ್ಯ ಎಂಬ ಮಾತಿಗೆ ಅಷ್ಟಾದರೂ ತೂಕ ಇರಬೇಕು.

ಇಷ್ಟೆಲ್ಲ ಇದ್ದರೂ ಜಗಳದ ಹತ್ತಿರ ಹೋದ ಸಂದರ್ಭವೊಂದು ಬಂತು, ನಮ್ಮ ಯಾರ ಕೈಯಲ್ಲೂ ಇರದ ಕಾರಣಕ್ಕೆ. ಒಂದು ಸಂಗೀತೋತ್ಸವಕ್ಕೆ ಮೊದಲ ಬ್ಯಾಂಡ್ ಆಯ್ಕೆಯಾಯಿತು. ಕರಾರುಪತ್ರದಲ್ಲಿ, ಉತ್ಸವದ ಹಿಂದುಮುಂದಿನ ಕೆಲವು ವಾರ, ಇಂತಿಷ್ಟು ದೂರದೊಳಗೆ ಬೇರೆಲ್ಲೂ ನುಡಿಸುವಂತಿಲ್ಲ ಎಂಬ ಷರತ್ತಿತ್ತು. ಉತ್ಸವಗಳು ಟಿಕೆಟ್ ಮಾರಾಟ ಕಾಪಾಡಿಕೊಳ್ಳಲು ಇಂಥ ಷರತ್ತು ಹಾಕುವುದು ರೂಢಿಯೇ. ಆದರೆ ಇಲ್ಲಿ "ಬ್ಯಾಂಡ್ ಹಾಗೂ ಅದರ ಸದಸ್ಯರು" ಎಂದು ಬರೆದಿದ್ದರು. ಆ ಒಂದು ಮಾತಿನಿಂದ ಜಾಝ್ ತ್ರಯದ ಒಂದು ಸಂಜೆಯೂ ಸಮಾರಂಭಗಳ ತಂಡದ ಎರಡು ಕೆಲಸಗಳೂ ನಿಷಿದ್ಧವಾಗುತ್ತಿದ್ದವು. ಅವೆಲ್ಲ ಮೊದಲೇ ಖಚಿತವಾದವು. ಗಿಟಾರ್ ಗೆಳೆಯನಿಗೆ ಸಿಟ್ಟು ಬಂತು, "ಇಂಥ ಅವಕಾಶಕ್ಕೂ ಅವನ್ನು ಬಿಡುವುದಿಲ್ಲವೇ?" ಎಂದ. ಆಗ ಮಾತಾಡಿದವರು ಡ್ರಮ್ಸ್ ನುಡಿಸುವ ಹಿರಿಯರು: "ಅವರಿಗೆ ಕೊಟ್ಟ ಮಾತನ್ನು ಇವತ್ತು ನಮಗಾಗಿ ಮುರಿದರೆ, ನಮಗೆ ಕೊಟ್ಟಿದ್ದನ್ನು ನಾಳೆ ಇನ್ನೊಬ್ಬರಿಗಾಗಿ ಮುರಿಯುವುದೂ ಸರಿ ಎಂದಾಗುತ್ತದೆ." ಸಹಿ ಮಾಡುವ ಮೊದಲು ಆಯೋಜಕರಿಗೆ ಬರೆದೆವು, ನಿಷೇಧ ಬ್ಯಾಂಡಿನ ಹೆಸರಿನಲ್ಲಿ ನಡೆಯುವ ಕಾರ್ಯಕ್ರಮಗಳಿಗೆ ಮಾತ್ರ ಸೀಮಿತವಾಗಲಿ ಎಂದು. ಅವರು ಒಂದೇ ಸಾಲಿನಲ್ಲಿ ಒಪ್ಪಿದರು. ಕೇಳದೆ ಸಹಿ ಹಾಕಿದ್ದರೆ ಮೂರು ತಂಡಗಳ ನಡುವೆ ಮನಸ್ತಾಪ ಉಳಿಯುತ್ತಿತ್ತು. ಅಂದಿನಿಂದ ಯಾವ ಕರಾರುಪತ್ರ ಬಂದರೂ ಸದಸ್ಯರ ಬಗ್ಗೆ ಏನು ಬರೆದಿದೆ ಎಂದು ಗಿಟಾರ್ ಗೆಳೆಯನೇ ಮೊದಲು ಓದುತ್ತಾನೆ.

ಈಗ ಹೊಸದೊಂದು ಕೇಳಿಕೆ ಬಂದಿದೆ. ನಾನು ಬಹಳ ಗೌರವಿಸುವ ಗಾಯಕರೊಬ್ಬರ ಜೊತೆ ಆರು ವಾರಗಳ ಪ್ರವಾಸ. ನನ್ನ ಕೆಲಸ ಸಂಬಳಕ್ಕೆ ನುಡಿಸುವ ವಾದಕನದ್ದು, ಅದರಲ್ಲಿ ಗೊಂದಲವಿಲ್ಲ. ಆದರೆ ಆರು ವಾರ ಎಂದರೆ ಮೊದಲ ಬ್ಯಾಂಡಿನ ಆರು ಅಭ್ಯಾಸಗಳು, ಯಾರಿಗೂ ಕೊಡುವುದಿಲ್ಲ ಎಂದು ನಾನು ಬರೆದುಕೊಟ್ಟ ಸಂಜೆಗಳು. ಗಾಯಕರಿಗೆ ಹತ್ತು ದಿನ ಸಮಯ ಕೇಳಿದ್ದೇನೆ, ಕೊಟ್ಟಿದ್ದಾರೆ. ಬ್ಯಾಂಡಿನವರಿಗೆ ವಿಷಯ ಅದೇ ದಿನ ತಿಳಿಸಿದೆ. ಡ್ರಮ್ಸ್ ನುಡಿಸುವವರು ಆ ಅವಧಿಯಲ್ಲಿ ಹೊಸ ಹಾಡುಗಳ ಸಾಹಿತ್ಯ ಮತ್ತು ಗಾಯನದ ಕೆಲಸ ಮುಗಿಸಬಹುದು ಎನ್ನುತ್ತಿದ್ದಾರೆ, ನಮ್ಮ ಬ್ಯಾಂಡಿನ ಗಾಯಕನಿಗೆ ಒಪ್ಪಿಗೆ, ಗಿಟಾರ್ ಗೆಳೆಯ ಯೋಚಿಸಿ ಹೇಳುತ್ತೇನೆ ಎಂದಿದ್ದಾನೆ. ಅವನು ಬೇಡವೆಂದರೆ ಹೋಗುವುದಿಲ್ಲ ಎಂದು ಅವನಿಗೆ ಹೇಳಿದ್ದೇನೆ. ಭಾನುವಾರದ ಅಭ್ಯಾಸದಲ್ಲಿ ನಾಲ್ವರೂ ಕುಳಿತು ತೀರ್ಮಾನಿಸುತ್ತೇವೆ.